ಸುಕ್ಕೋತ್: ಎಲೆಯ ಸೂರು ಮತ್ತು ನಾಲ್ಕು ಸಸ್ಯಗಳು

ಯಹೂದಿ ಪಂಚಾಂಗದ ತಿಶ್ರಿ ಮಾಸ ಹಬ್ಬಗಳಿಂದ ತುಂಬಿದ ಮಾಸ. ಅದರ 10ನೆಯ ದಿನ ಉಪವಾಸ ಹಾಗೂ ಪ್ರಾಯಶ್ಚಿತ್ತದ ಯೋಮ್ ಕಿಪ್ಪುರ್; ಅದಾಗಿ ಐದು ದಿನಕ್ಕೆ, ಹುಣ್ಣಿಮೆಯಂದು, ಸುಕ್ಕೋತ್ ಆರಂಭವಾಗುತ್ತದೆ. ಉಪವಾಸ ಮುಗಿದ ರಾತ್ರಿಯೇ ಹಬ್ಬದ ಗುಡಿಸಲು ಕಟ್ಟಲು ಕೈಹಚ್ಚುವ ವಾಡಿಕೆ ಅನೇಕ ಮನೆಗಳಲ್ಲಿದೆ. ಹೀಬ್ರೂ ಭಾಷೆಯಲ್ಲಿ 'ಸುಕ್ಕಾ' ಎಂದರೆ ಇಂತಹ ಗುಡಿಸಲು. 'ಸುಕ್ಕೋತ್' ಅದರ ಬಹುವಚನ. ಸುಗ್ಗಿಯ ಫಸಲು ಮನೆಗೆ ಬಂದು ಕಣಜ ತುಂಬಿದ ಹೊತ್ತಿಗೆ ಗಟ್ಟಿ ಮನೆಯನ್ನು ಬಿಟ್ಟು ಏಳು ದಿನ ಎಲೆಮನೆಯಲ್ಲಿ ಉಣ್ಣಬೇಕು, ಸಾಧ್ಯವಿದ್ದವರು ಅಲ್ಲಿಯೇ ಮಲಗಬೇಕು ಎಂಬುದು ವಿಧಿ. ಈಜಿಪ್ಟಿನಿಂದ ಹೊರಟ ಪೂರ್ವಿಕರು ಮರುಭೂಮಿಯಲ್ಲಿ ಇಂತಹ ನೆಲೆಗಳಲ್ಲಿ ಬಾಳಿದರೆಂಬ ನೆನಪಿಗಾಗಿ ಇದು ಎಂದು ಬೈಬಲ್ಲಿನ ಲೇವಿಯ ಕಾಂಡ ಕಾರಣವನ್ನೂ ಹೇಳುತ್ತದೆ.

ಸುಕ್ಕಾದ ಗೋಡೆಗಳ ವಿಷಯದಲ್ಲಿ ಶಾಸ್ತ್ರ ಉದಾರವಾಗಿದೆ. ಹಲಗೆ, ಬಟ್ಟೆ, ಏನಾದರೂ ಆದೀತು. ಕಟ್ಟುನಿಟ್ಟೆಲ್ಲ ಸೂರಿನದು. ಅದು ನೆಲದಲ್ಲಿ ಬೆಳೆದದ್ದಾಗಿರಬೇಕು, ಆದರೆ ನೆಲದಿಂದ ಕಡಿದು ತಂದದ್ದಾಗಿರಬೇಕು. ಆದ್ದರಿಂದ ಮರದ ಕೆಳಗೆ ಕಟ್ಟಿದ ಸುಕ್ಕಾ ಸಲ್ಲದು. ಬಿಸಿಲಿಗಿಂತ ನೆರಳು ಹೆಚ್ಚಿರಬೇಕು. ಆದರೂ ಇರುಳಿನಲ್ಲಿ ನಕ್ಷತ್ರಗಳು ಕಾಣುವಷ್ಟು ಸಂದಿ ಇದ್ದರೆ ಲೇಸು. ಅಂದರೆ ಸೂರು ಇರಬೇಕು, ಪೂರ್ತಿ ಕಾಯುವಂತಿರಬಾರದು. ಮಳೆ ಬಂದರೆ ಏನು ಗತಿ? ತಟ್ಟೆಯಲ್ಲಿರುವ ಅಂಬಲಿ ಕೆಡುವಷ್ಟು ಮಳೆ ಬಿದ್ದರೆ ಎದ್ದು ಮನೆಯೊಳಗೆ ಹೋಗಬಹುದೆಂದು ಸುಮಾರು ಕ್ರಿ.ಶ. 200ರಲ್ಲಿ ಸಂಕಲಿತವಾದ ಮಿಶ್ನಾ ಗ್ರಂಥ ಅಳತೆಯನ್ನೇ ಕೊಡುತ್ತದೆ. ವೈದ್ಯನಾದ ನನ್ನ ಗಮನ ಸೆಳೆದದ್ದು ಅದೇ ಗ್ರಂಥದ ಇನ್ನೊಂದು ವಿನಾಯಿತಿ: ರೋಗಿಗಳು ಸುಕ್ಕಾದಲ್ಲಿ ಕೂರಬೇಕಾಗಿಲ್ಲ, ಅವರ ಶುಶ್ರೂಷೆ ಮಾಡುವವರೂ ಕೂರಬೇಕಾಗಿಲ್ಲ. ಹಾಸಿಗೆ ಹಿಡಿದವನ ಬಳಿ ಒಬ್ಬರು ಇರಲೇಬೇಕೆಂಬುದನ್ನು ಧರ್ಮಶಾಸ್ತ್ರ ಮರೆತಿಲ್ಲ.

ಹಬ್ಬದ ಎರಡನೆಯ ವಿಧಿ ನಾಲ್ಕು ಸಸ್ಯಗಳದು. ಇಲ್ಲಿ ಲೇವಿಯ ಕಾಂಡ ಏನನ್ನು ತರಬೇಕೆಂದು ಹೇಳುತ್ತದೆಯೇ ಹೊರತು ಏಕೆಂದು ಹೇಳುವುದಿಲ್ಲ. ಸಂಪ್ರದಾಯ ಅವನ್ನು ಹೀಗೆ ಗುರುತಿಸಿದೆ: ಇನ್ನೂ ಬಿಚ್ಚಿಕೊಳ್ಳದ ಖರ್ಜೂರದ ಸುಳಿ ಒಂದು, ಇದು ಲುಲಾವ್; ಮರ್ಟಲ್ ಎಂಬ ಪರಿಮಳದ ಪೊದೆಯ ಮೂರು ಕಡ್ಡಿಗಳು, ಇವು ಹದಸ್; ಹೊಳೆದಂಡೆಯ ವಿಲೋ ಮರದ ಎರಡು ಕಡ್ಡಿಗಳು, ಇವು ಅರಾವಾ; ಮತ್ತು ಒಂದು ಮಾದಳದ ಹಣ್ಣು, ಎತ್ರೋಗ್. ಮೊದಲ ಮೂರನ್ನು ಒಟ್ಟಿಗೆ ಕಟ್ಟಿ ಬಲಗೈಯಲ್ಲಿ, ಹಣ್ಣನ್ನು ಎಡಗೈಯಲ್ಲಿ ಹಿಡಿದು, ಎರಡು ಕೈಗಳನ್ನೂ ಕೂಡಿಸಿ, ನಾಲ್ಕು ದಿಕ್ಕಿಗೂ ಮೇಲಕ್ಕೂ ಕೆಳಕ್ಕೂ ಅಲುಗಿಸುತ್ತಾರೆ. ಸಬ್ಬತ್ ದಿನ ಮಾತ್ರ ಇದಿಲ್ಲ. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ವಿಧಿ ನೆರವೇರಿದಂತಾಗದು.

ಈ ಕೊನೆಯ ನಿಯಮದ ಬಿಗಿ ಎಷ್ಟೆಂಬುದಕ್ಕೆ ಒಂದು ಪುರಾವೆ ಮೃತ ಸಮುದ್ರದ ಬಳಿಯ ಗುಹೆಯಲ್ಲಿ ಸಿಕ್ಕಿದೆ. ಕ್ರಿ.ಶ. 132ರಿಂದ 135ರವರೆಗೆ ರೋಮನರ ವಿರುದ್ಧ ದಂಗೆ ನಡೆಸಿದ ಬಾರ್ ಕೊಖ್ಬಾನ ಪತ್ರಗಳನ್ನು ಇಗಾಯೆಲ್ ಯಾದಿನ್ ನೇತೃತ್ವದ ತಂಡ 1960ರಲ್ಲಿ ಅಲ್ಲಿ ಪತ್ತೆ ಮಾಡಿತು. ಒಂದು ಪತ್ರದಲ್ಲಿ ಆ ದಂಡನಾಯಕ ಎರಡು ಕತ್ತೆಗಳನ್ನು ಕಳುಹಿಸಿ, ಶಿಬಿರಕ್ಕೆ ಸುಳಿ ಮತ್ತು ಮಾದಳಗಳನ್ನು ತರಿಸಿಕೊಳ್ಳಲು ಏರ್ಪಾಡು ಮಾಡುತ್ತಾನೆ. ಮರ್ಟಲ್ ಮತ್ತು ವಿಲೋಗಳನ್ನೂ ಒದಗಿಸುವಂತೆ ಅಪ್ಪಣೆ ಕೊಡುತ್ತಾನೆ. ಸಾಮ್ರಾಜ್ಯದ ಸೇನೆ ಬೆನ್ನಟ್ಟಿರುವಾಗ ಬರೆದ ಪತ್ರವಿದು.

ನಾಲ್ಕರಲ್ಲಿ ಹೆಚ್ಚು ಆರೈಕೆ ಪಡೆಯುವುದು ಮಾದಳ. ಅದು ಮೂಲತಃ ನಮ್ಮ ಹಿಮಾಲಯದ ತಪ್ಪಲಿನ ಕಡೆಯ ಹಣ್ಣು. ಸಂಸ್ಕೃತದ ಮಾತುಲುಂಗ, ಕೊಲ್ಹಾಪುರದ ಮಹಾಲಕ್ಷ್ಮಿಯ ಕೈಯಲ್ಲಿರುವುದೂ ಇದೇ. ಪರ್ಷಿಯದ ಮಾರ್ಗವಾಗಿ ಅದು ಪಶ್ಚಿಮಕ್ಕೆ ಹೋಯಿತು. ಜೆರುಸಲೇಮಿನ ಸಮೀಪದ ರಾಮತ್ ರಾಹೇಲ್ ಎಂಬಲ್ಲಿ, ಪರ್ಷಿಯನ್ ಆಳ್ವಿಕೆಯ ಕಾಲದ ಅರಮನೆ ತೋಟದ ಗಾರೆಯಲ್ಲಿ ಮಾದಳದ ಪರಾಗ ದೊರೆತಿದೆ. ಹಬ್ಬದ ಹಣ್ಣಿನಲ್ಲಿ ಕಲೆ, ಗಾಯ ಇರಕೂಡದು. ತುದಿಯಲ್ಲಿ ಉಳಿದಿರುವ ಹೂವಿನ ಶಲಾಕೆ ಮುರಿದಿರಕೂಡದು. ಅದಿಲ್ಲದೆಯೇ ಬೆಳೆದ ಹಣ್ಣು ಆದೀತು, ಇದ್ದು ಮುರಿದದ್ದು ಸಲ್ಲದು. ನಿಂಬೆಯ ಬುಡಕ್ಕೆ ಕಸಿ ಮಾಡಿದ ಗಿಡದ ಫಲವೂ ನಿಷಿದ್ಧ. ಕೊಳ್ಳುವವರು ಭೂತಗನ್ನಡಿ ಹಿಡಿದು ಸಿಪ್ಪೆಯನ್ನು ಪರೀಕ್ಷಿಸುವುದನ್ನು ನೋಡಿದರೆ ಚರ್ಮರೋಗ ತಜ್ಞರು ನೆನಪಾಗುತ್ತಾರೆ. ಮೊದಲ ದಿನ ಹಣ್ಣು ತನ್ನದೇ ಆಗಿರಬೇಕು, ಎರವಲು ನಡೆಯದು. ಹಾಗಾದರೆ ಇಲ್ಲದವನ ಪಾಡೇನು? ತಾಲ್ಮೂದ್ ಒಂದು ಹಡಗಿನ ಕತೆ ಹೇಳುತ್ತದೆ. ನಾಲ್ವರು ಪಂಡಿತರು ಪಯಣಿಸುತ್ತಿದ್ದರು. ಸಸ್ಯಗಳ ಕಟ್ಟು ಇದ್ದದ್ದು ರಬ್ಬಾನ್ ಗಮ್ಲಿಯೇಲರ ಬಳಿ ಮಾತ್ರ, ಅದೂ ಸಾವಿರ ಜೂಜ್ ನಾಣ್ಯ ತೆತ್ತು ಕೊಂಡದ್ದು. ಅವರು ವಿಧಿ ಮುಗಿಸಿ ಅದನ್ನು ಪಕ್ಕದವರಿಗೆ ದಾನವಾಗಿ ಕೊಟ್ಟರು. ಅವರು ಮುಂದಿನವರಿಗೆ ಕೊಟ್ಟರು. ಕೊನೆಗೆ ಅದು ಗಮ್ಲಿಯೇಲರ ಕೈಗೇ ದಾನವಾಗಿ ಹಿಂದಿರುಗಿತು. ಹಿಂದಿರುಗಿಸುವ ಷರತ್ತಿನ ದಾನವೂ ದಾನವೇ ಎಂಬ ನಿಯಮದಿಂದ ಇಂದಿಗೂ ಇಡೀ ಸಭೆ ಒಂದೇ ಹಣ್ಣಿನಿಂದ ಹಬ್ಬ ಮಾಡಬಹುದು.

ಮೂಲದಲ್ಲಿ ಕಾರಣವಿಲ್ಲವಾದ್ದರಿಂದ ಅರ್ಥಗಳು ಧಾರಾಳವಾಗಿ ಹುಟ್ಟಿದವು. ಪ್ರಾಚೀನ ವ್ಯಾಖ್ಯಾನವಾದ ಲೇವಿಯ ರಬ್ಬಾ ರುಚಿಯನ್ನು ವಿದ್ಯೆಯೆಂದೂ ಪರಿಮಳವನ್ನು ಸತ್ಕರ್ಮವೆಂದೂ ಹಿಡಿಯುತ್ತದೆ. ಮಾದಳಕ್ಕೆ ಎರಡೂ ಉಂಟು. ಖರ್ಜೂರಕ್ಕೆ ರುಚಿ ಮಾತ್ರ, ಮರ್ಟಲ್‌ಗೆ ಪರಿಮಳ ಮಾತ್ರ. ವಿಲೋಗೆ ಎರಡೂ ಇಲ್ಲ. ಜನರಲ್ಲಿಯೂ ಈ ನಾಲ್ಕು ಬಗೆ. ಎಲ್ಲರನ್ನೂ ಒಂದೇ ಕಟ್ಟಿನಲ್ಲಿ ಸೇರಿಸಿದಾಗ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುತ್ತಾರೆ. ಅದೇ ಗ್ರಂಥದ ಇನ್ನೊಂದು ಅರ್ಥದಲ್ಲಿ ಸುಳಿ ಬೆನ್ನೆಲುಬು, ಮರ್ಟಲ್ ಎಲೆ ಕಣ್ಣು, ವಿಲೋ ಎಲೆ ಬಾಯಿ, ಮಾದಳ ಹೃದಯ. ಹೃದಯವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಕೊನೆಯ ಹೋಲಿಕೆ ಬರಿಯ ಕಲ್ಪನೆಯೆನಿಸದು: ಒಂದು ಕಡೆ ಅಗಲ, ಇನ್ನೊಂದು ಕಡೆ ಮೊನಚು.

ಹನ್ನೆರಡನೆಯ ಶತಮಾನದ ವೈದ್ಯ, ದಾರ್ಶನಿಕ ಮೈಮೋನಿಡೀಸ್ ಇವನ್ನೆಲ್ಲ ಕಾವ್ಯವೆಂದು ಪರಿಗಣಿಸಿದ. ಅಕ್ಷರಶಃ ನಂಬುವವರೂ ತಪ್ಪಿದರು, ಅಪಹಾಸ್ಯ ಮಾಡುವವರೂ ತಪ್ಪಿದರು ಎಂಬುದು ಅವನ ನಿಲುವು. ಅವನ ಪ್ರಕಾರ ಬೆಳೆಯಿಲ್ಲದ, ನೀರಿಲ್ಲದ ಮರಳುಗಾಡಿನಿಂದ ಹಣ್ಣಿನ ಮರಗಳ, ಹೊಳೆಗಳ ನಾಡಿಗೆ ಬಂದ ಸಂತೋಷಕ್ಕೆ ಈ ಸಸ್ಯಗಳು ಕುರುಹು. ಅವು ಆ ನಾಡಿನಲ್ಲಿ ಸುಲಭವಾಗಿ ಸಿಗುತ್ತಿದ್ದವು, ಏಳು ದಿನ ಬಾಡದೆ ಉಳಿಯುತ್ತಿದ್ದವು. ನನಗೆ ಈ ಸರಳ ವಿವರಣೆಯೇ ಹೆಚ್ಚು ಒಪ್ಪಿಗೆ. ಆದರೆ ವಿಲೋ ಏಳು ದಿನ ಬಾಡದೆಂಬ ಮಾತನ್ನು, ನಾಲ್ಕನೆಯ ದಿನದ ವಿಲೋ ಕಂಡವರಾರೂ ಒಪ್ಪಲಾರರು. ವಾರದ ನಡುವೆ ಹೊಸ ಕಡ್ಡಿ ಸಿಕ್ಕಿಸಿಕೊಳ್ಳುವುದು ಸಾಮಾನ್ಯ.

ಜೆರುಸಲೇಮಿನ ದೇವಾಲಯವಿದ್ದ ಕಾಲದಲ್ಲಿ ಏಳು ದಿನವೂ ಸಸ್ಯಗಳನ್ನು ಹಿಡಿಯುತ್ತಿದ್ದುದು ಅಲ್ಲಿ ಮಾತ್ರ. ಬೇರೆಡೆ ಒಂದೇ ದಿನ. ಸಿಲೋವಾಮ್ ಕೊಳದಿಂದ ನೀರು ತಂದು ಬಲಿಪೀಠದ ಮೇಲೆ ಎರೆಯುತ್ತಿದ್ದರು. ಇರುಳಿಡೀ ದೀಪ, ಕುಣಿತ. ಕ್ರಿ.ಶ. 70ರಲ್ಲಿ ರೋಮನರು ದೇವಾಲಯವನ್ನು ಕೆಡವಿದ ಮೇಲೆ ರಬ್ಬಾನ್ ಯೋಹಾನಾನ್ ಬೆನ್ ಜಕ್ಕಾಯ್, ದೇವಾಲಯದ ನೆನಪಿಗಾಗಿ, ಎಲ್ಲೆಡೆಯೂ ಏಳು ದಿನ ಹಿಡಿಯಬೇಕೆಂದು ವಿಧಿಸಿದರು. ನೀರೆರೆಯುವುದು ನಿಂತುಹೋಯಿತು, ನೀರಿನ ಚಿಂತೆ ಉಳಿಯಿತು. ಪೂಜಾಮಂದಿರದಲ್ಲಿ ದಿನಕ್ಕೊಂದು ಸುತ್ತು ಬರುವ ಜನ ಏಳನೆಯ ದಿನವಾದ ಹೊಶಾನಾ ರಬ್ಬಾದಂದು ಏಳು ಸುತ್ತು ಬಂದು, ವಿಲೋ ಕಡ್ಡಿಗಳನ್ನು ನೆಲಕ್ಕೆ ಬಡಿಯುತ್ತಾರೆ. ಆ ವರ್ಷದ ಮಳೆಯ ತೀರ್ಪು ಈ ಹಬ್ಬದಲ್ಲಿಯೇ ಆಗುತ್ತದೆಂಬ ನಂಬಿಕೆಯಿದೆ. ಆದರೂ ಮಳೆಯ ಪ್ರಾರ್ಥನೆಯನ್ನು ಎಂಟನೆಯ ದಿನಕ್ಕೆ ಮುಂದೂಡುತ್ತಾರೆ. ಎಲೆಯ ಸೂರಿನಡಿ ಕುಳಿತಿರುವಾಗ ಮಳೆ ಬಂದರೆ ಅದು ಶುಭವಲ್ಲ.

ಹಬ್ಬದ ನಂತರ ಮಾದಳವನ್ನು ಕೆಲವರು ಮುರಬ್ಬ ಮಾಡುತ್ತಾರೆ. ಕೆಲವರು ಲವಂಗ ಚುಚ್ಚಿಟ್ಟು ಸಬ್ಬತ್ ಮುಗಿಯುವಾಗ ಅದರ ಪರಿಮಳ ನೋಡುತ್ತಾರೆ. ಒಣಗಿದ ಸುಳಿಯನ್ನು ಎತ್ತಿಟ್ಟುಕೊಂಡು, ವಸಂತದ ಪೆಸಾಹ್ ಹಬ್ಬಕ್ಕೆ ಮೊದಲು ಹುದುಗು ಬಂದ ಪದಾರ್ಥಗಳನ್ನು ಸುಡುವ ಬೆಂಕಿಗೆ ಹಾಕುವ ಪದ್ಧತಿಯೂ ಇದೆ.