ಬಾಗಿಲಂಚಿನ ಶಾಸನ

ಶಾಸನವೆಂದರೆ ಕಲ್ಲು ಅಥವಾ ತಾಮ್ರ ಎಂದೇ ತಿಳಿದ ವಿದ್ಯಾರ್ಥಿಗಳಿಗೆ ನಾನು ಕೆಲವೊಮ್ಮೆ ಅಮೆರಿಕದ ಹಳೆಯ ಕಾರಿನ ತಗಡೊಂದನ್ನು ಓದಲು ಹೇಳುವುದುಂಟು. ಫೋರ್ಡ್ ಕಂಪೆನಿಯ ಮಸ್ಟಾಂಗ್ ಕಾರು 1964ರ ಮಾರ್ಚ್ 9ರಿಂದ ಡಿಯರ್‌ಬಾರ್ನ್ ಕಾರ್ಖಾನೆಯಲ್ಲಿ ತಯಾರಾಗತೊಡಗಿ, ಏಪ್ರಿಲ್ 17ರಂದು ಜನರೆದುರು ಬಂದಿತಷ್ಟೆ. ಚಾಲಕನ ಬಾಗಿಲಂಚಿಗೆ ಬಡಿದ ತಗಡೇ ಅದರ ಜಾತಕ.

ಮೊದಲ ಕ್ರಮಾಂಕದ ಕಾರನ್ನೇ ನೋಡೋಣ: 5ಎಫ್08ಎಫ್100001. ಇಲ್ಲಿ 5 ಎಂದರೆ 1965ರ ಮಾದರಿ, ‘ಎಫ್’ ಡಿಯರ್‌ಬಾರ್ನ್, 08 ಮಡಿಸುವ ಮಾಡಿನದು, ಎರಡನೆಯ ‘ಎಫ್’ 260 ಘನ ಅಂಗುಲದ ಎಂಜಿನ್, ಉಳಿದುದು ಕ್ರಮಸಂಖ್ಯೆ. ತಯಾರಿಕೆಗೆ ಗೊತ್ತುಮಾಡಿದ ದಿನವೂ ತಗಡಿನಲ್ಲಿ ಬೇರೆಯಾಗಿ ಉಂಟು: ‘ಸಿ’ ಎಂದರೆ ಮಾರ್ಚ್, ‘ಡಿ’ ಎಂದರೆ ಏಪ್ರಿಲ್. ಸಂಗ್ರಾಹಕರು ಮೊದಲ ತಿಂಗಳುಗಳ ಕಾರುಗಳನ್ನು ‘1964½’ ಎನ್ನುತ್ತಾರೆ. ತಗಡು ಮಾತ್ರ ಆ ಅರ್ಧವನ್ನು ಅರಿಯದು.

ಆ ಮೊದಲ ಕ್ರಮಾಂಕದ ಕಾರು ಕೆನಡದ ಸೇಂಟ್ ಜಾನ್ಸ್ ಊರಿನಲ್ಲಿ, ಬಿಡುಗಡೆಗೆ ಮುನ್ನವೇ, ಸ್ಟ್ಯಾನ್ಲಿ ಟಕರ್ ಎಂಬ ವಿಮಾನಚಾಲಕನ ಪಾಲಾಯಿತು. ಮಸ್ಟಾಂಗ್‌ಗಳ ಸಂಖ್ಯೆ ಹತ್ತು ಲಕ್ಷ ಮುಟ್ಟಿದ 1966ರಲ್ಲಿ ಕಂಪೆನಿ ಹೊಸ ಕಾರೊಂದನ್ನು ಕೊಟ್ಟು ಅದನ್ನು ಮರಳಿ ಪಡೆಯಿತು. ಅದೀಗ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ.

ಅಂಕಿಗೆ ಇಷ್ಟು ಬೆಲೆ ಬಂದಮೇಲೆ ಕೂಟಶಾಸನವೂ ಹುಟ್ಟದಿದ್ದೀತೆ? ರಿವೆಟ್ ಕಿತ್ತರೆ ತಗಡು ಬದಲಾದೀತು. ಆದರೆ ಅದೇ ಅಂಕಿಯನ್ನು ಎಂಜಿನ್ನಿನ ಪಕ್ಕದ ಒಳತಗಡಿನ ಮೇಲೂ ಒತ್ತಿರುತ್ತಾರೆ. ಬಲ್ಲವರು ಎರಡನ್ನೂ ತಾಳೆ ನೋಡುತ್ತಾರೆ. ಕಲ್ಲಾಗಲಿ ತಗಡಾಗಲಿ, ಒಂಟಿ ಸಾಕ್ಷಿಯ ಮಾತಿಗೇ ತೀರ್ಪು ಕೊಡುವುದು ಇತಿಹಾಸದ ಧರ್ಮವಲ್ಲ.