ಆ ತಂತಿ ಯಾರದ್ದು? ನಮ್ಮೂರ ಕೇಬಲ್ ಟಿವಿಯ ಕತೆ

1/8
ಮೊದಲನೇ ಫೋಟೊ ಝೂಮ್ ಮಾಡಿ ನೋಡಿ. ಶ್ರೀರಂಗಪಟ್ಟಣದ ಒಂದು ಮನೆಯ ತಾರಸಿ. ತುಕ್ಕು ಹಿಡಿದ ದೊಡ್ಡ ಡಿಶ್, ಅದರ ಕಂಬಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿ ಹಾಕಿದ್ದಾರೆ. ಒಂದು ಕಾಲದಲ್ಲಿ ಸುತ್ತಲಿನ ಬೀದಿಗಳಿಗೆಲ್ಲ ಟಿವಿ ತೋರಿಸ್ತಿದ್ದದ್ದು ಇದೇ. ಇವತ್ತು ಅದೇ ಬೀದಿಯಲ್ಲಿ ಮ್ಯಾಚು ಫೋನಿನಲ್ಲಿ, ಸಿನಿಮಾ ಆ್ಯಪ್‌ನಲ್ಲಿ, ಅಜ್ಜಿ ನೋಡೋ ಸೀರಿಯಲ್ಲೂ ಆ್ಯಪ್‌ನಲ್ಲಿ.

ಹಾಗಾದ್ರೆ ಕೇಬಲ್ ಅಣ್ಣಂದಿರು ಏನಾದ್ರು? ಕೆಲವರು ಬಾಗಿಲು ಹಾಕಿದ್ರು. ಇನ್ನು ಕೆಲವರು ವೈಫೈ ಹಾಕಿಕೊಡ್ತಿದ್ದಾರೆ. ಒಂದೇ ಕಸುಬು, ಎರಡು ದಾರಿ. ಯಾಕೆ ಹೀಗಾಯ್ತು ಅನ್ನೋದೇ ಈ ಎಂಟು ಪೋಸ್ಟ್‌ಗಳ ಕತೆ. ಸೇವ್ ಮಾಡ್ಕೊಂಡು ನಿಧಾನವಾಗಿ ಓದಿ.

2/8
ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ರಂದು. 1987ರಲ್ಲಿ ‘ರಾಮಾಯಣ’ ಬಂದಾಗ ಟಿವಿ ಇದ್ದವರ ಮನೆ ಭಾನುವಾರ ಬೆಳಗ್ಗೆ ಟೆಂಟ್ ಸಿನಿಮಾ ಥರ ತುಂಬ್ತಿತ್ತು ಅಂತ ನಿಮ್ಮನೆ ಹಿರಿಯರೇ ಹೇಳ್ತಾರೆ, ಕೇಳಿ. ಆಗ ಇದ್ದದ್ದು ಸರ್ಕಾರದ ಚಾನೆಲ್ ಮಾತ್ರ.

1991ರಲ್ಲಿ ಸ್ಟಾರ್, 1992ರಲ್ಲಿ ಝೀ, 1994ರ ಜೂನ್‌ನಲ್ಲಿ ನಮ್ಮ ಉದಯ ಟಿವಿ. ಇವೆಲ್ಲ ಉಪಗ್ರಹದಿಂದ ಇಳಿಯೋ ಚಾನೆಲ್‌ಗಳು. ಹಿಡಿಯೋಕೆ ಹತ್ತು–ಹನ್ನೆರಡು ಅಡಿ ಅಗಲದ ಡಿಶ್ ಬೇಕಿತ್ತು. ಒಂದು ಮನೆಯವರು ಅದನ್ನ ಹಾಕಿಸೋ ಮಾತೇ ಇರಲಿಲ್ಲ. ಆದ್ರೆ ಒಬ್ಬ ಹಾಕಿ, ನೂರು ಮನೆಗೆ ತಂತಿ ಎಳೆದು, ಎಲ್ಲರ ಹತ್ರ ತಿಂಗಳಿಗಿಷ್ಟು ಅಂತ ಇಸ್ಕೊಂಡ್ರೆ? ಟಿವಿ ರಿಪೇರಿಯವನು, ವಿಡಿಯೊ ಕ್ಯಾಸೆಟ್ ಬಾಡಿಗೆ ಕೊಡ್ತಿದ್ದವನು ಮಾಡಿದ್ದು ಇದನ್ನೇ. ದೊಡ್ಡ ಕಂಪನಿ ಯಾವುದೂ ಬರಲಿಲ್ಲ. ನಮ್ಮ ಊರಿಗೆ ಖಾಸಗಿ ಟಿವಿ ತಂದವರು ನಮ್ಮ ಬೀದಿಯವರೇ.

ಇದು ನಮ್ಮ ಸೀಮೆಗೆ ಹೊಸದೂ ಅಲ್ಲ. ಪಕ್ಕದ ಮೈಸೂರಿನಲ್ಲಿ 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೊ ಕೇಂದ್ರ ನಡೆಸಿದ್ದರು. ‘ಆಕಾಶವಾಣಿ’ ಅನ್ನೋ ಹೆಸರು ಅಲ್ಲಿಂದಲೇ ಬಂದದ್ದು.

3/8
ಕೆಲಸ ಹೇಗೆ ನಡೀತಿತ್ತು? ಡಿಶ್‌ನಿಂದ ಬಂದ ಒಂದೊಂದು ಚಾನೆಲ್‌ಗೂ ಒಂದೊಂದು ರಿಸೀವರ್. ಎಲ್ಲವನ್ನೂ ಸೇರಿಸಿ ದಪ್ಪ ಕಪ್ಪು ಕೇಬಲ್‌ಗೆ ಬಿಡೋದು. ದೂರ ಹೋದಂಗೆ ಸಿಗ್ನಲ್ ಸೊರಗುತ್ತೆ, ಅದಕ್ಕೆ ಅಲ್ಲಲ್ಲಿ ಕಂಬದ ಮೇಲೆ ಆಂಪ್ಲಿಫೈಯರ್. ಅದಕ್ಕೆ ಕರೆಂಟ್ ಬೇಕು. ನಿಮ್ಮ ಮನೇಲಿ ಕರೆಂಟ್ ಇದ್ರೂ ಆ ಕಂಬದ ಹತ್ರ ಹೋಗಿದ್ರೆ ಟಿವಿ ತುಂಬಾ ಸೊಳ್ಳೆ!

1995ರಲ್ಲಿ ಕೇಬಲ್ ಟಿವಿಗೆ ಅಂತಲೇ ಕಾಯ್ದೆ ಬಂತು. ಕೇಬಲ್ ನಡೆಸೋರು ಪ್ರಧಾನ ಅಂಚೆ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕಿತ್ತು. ಹೌದು, ಪೋಸ್ಟಾಫೀಸಲ್ಲೇ.

ಇನ್ನೊಂದು ವಿಷಯ ಇತ್ತು: ಲೋಕಲ್ ಚಾನೆಲ್. ಊರಹಬ್ಬ, ಗಣೇಶನ ಮೆರವಣಿಗೆ, ಶಾಲೆ ವಾರ್ಷಿಕೋತ್ಸವ, ಕಬಡ್ಡಿ ಪಂದ್ಯ. ಹಿಂದಿನ ದಿನ ನಡೆದದ್ದನ್ನ ಮಾರನೇ ದಿನ ಹಾಕೋರು. ‘ನಾನೂ ಟಿವೀಲಿ ಬಂದಿದ್ದೆ’ ಅಂತ ನಮ್ಮೂರ ಜನ ಹೇಳಿದ್ರೆ, ಅದು ಬಹುಪಾಲು ಈ ಚಾನೆಲ್ಲೇ.

4/8
ಈಗ ಒಂದು ಮುಖ್ಯ ವಿಷಯ. ಕೇಬಲ್‌ನೋರಿಗೆ ಮೊದಲ ಏಟು ಕೊಟ್ಟದ್ದು ಓಟಿಟಿ ಅಂತ ಎಲ್ಲರೂ ಅನ್ಕೊಂಡಿದ್ದಾರೆ. ಅಲ್ಲ. ಡಿಜಿಟಲೀಕರಣ.

ಸೆಟ್‌ಟಾಪ್ ಬಾಕ್ಸ್ ಕಡ್ಡಾಯ ಆಗೋಕೆ ಮೈಸೂರಿಗೆ ಸಿಕ್ಕ ಗಡುವು 2013ರ ಮಾರ್ಚ್ 31. ನಮ್ಮ ಹಳ್ಳಿಗಳ ಸರದಿ ಕೊನೇ ಹಂತದ್ದು, ಅದರ ಗಡುವು ಮುಂದೆ ಹೋಗಿ 2017ರ ಮಾರ್ಚ್ ಆಯ್ತು. ಚಿತ್ರ ಸ್ವಚ್ಛ ಆಯ್ತು, ಚಾನೆಲ್ ನೂರಾರು ಆದ್ವು. ಆದ್ರೆ ಡಿಜಿಟಲ್ ಸಿಗ್ನಲ್ ತಯಾರಿಸೋ ಕೇಂದ್ರ ಕಟ್ಟೋಕೆ ಕೋಟಿ ಲೆಕ್ಕದ ದುಡ್ಡು ಬೇಕು. ಕೆ.ಆರ್. ಪೇಟೆಯ ಅಥವಾ ನಾಗಮಂಗಲದ ಒಬ್ಬ ಆಪರೇಟರ್ ಎಲ್ಲಿಂದ ತರಬೇಕು? ಹೀಗಾಗಿ ಸ್ವಂತ ಡಿಶ್ ಬಿಟ್ಟು ದೊಡ್ಡ ಕಂಪನಿಯ ಫೀಡ್ ತಗೊಂಡ್ರು. ಮೊದಲನೇ ಫೋಟೊದ ಡಿಶ್‌ನಂಥವು ಬಟ್ಟೆ ಒಣಗಿಸೋ ಕಂಬ ಆಗಿದ್ದು ಆಗ.

ಚಾನೆಲ್ ಬೇರೆಯವರದ್ದು, ಬಾಕ್ಸ್ ಬೇರೆಯವರದ್ದು, ಬಿಲ್ಲೂ ಬೇರೆಯವರ ಸಾಫ್ಟ್‌ವೇರ್‌ನಲ್ಲಿ. ಅಣ್ಣನ ಕೈಯಲ್ಲಿ ಉಳಿದದ್ದು ಎರಡೇ: ನಿಮ್ಮ ಮನೆ ತನಕ ಬಂದ ತಂತಿ, ನಿಮ್ಮ ಮನೆಯವರ ಪರಿಚಯ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

5/8
ಲೆಕ್ಕ ಇಷ್ಟವಿಲ್ಲದವರೂ ಇದೊಂದು ಓದಿ. 2019ರ ಫೆಬ್ರವರಿಯಿಂದ ಟ್ರಾಯ್‌ನ ಹೊಸ ದರ ಪದ್ಧತಿ ಜಾರಿಗೆ ಬಂತು. ಆಗ 100 ಚಾನೆಲ್‌ಗೆ ಸಂಪರ್ಕ ಶುಲ್ಕ ಹೆಚ್ಚೆಂದರೆ ₹130 ಇತ್ತು, ಅದರ ಮೇಲೆ ಜಿಎಸ್‌ಟಿ. ಬೇರೆ ಒಪ್ಪಂದ ಇಲ್ಲದಿದ್ರೆ ಆ ₹130ರಲ್ಲಿ ಶೇ 55 ದೊಡ್ಡ ಕಂಪನಿಗೆ, ಶೇ 45 ಲೋಕಲ್ ಆಪರೇಟರ್‌ಗೆ. ಅಂದ್ರೆ ಮನೆಗೆ ₹58.50.

500 ಮನೆ ಇದ್ರೆ ₹29,250. ಅದರಲ್ಲಿ 200 ಮನೆ ಬಿಟ್ಟುಹೋದ್ರೆ ₹17,550. ಆದ್ರೆ ತಂತಿ ಕಮ್ಮಿ ಆಗಲ್ಲ, ಕಂಬ ಕಮ್ಮಿ ಆಗಲ್ಲ, ಕೆಲಸದ ಹುಡುಗನ ಸಂಬಳವೂ ಕಮ್ಮಿ ಆಗಲ್ಲ. ಬೀದಿಯಲ್ಲಿ ಹತ್ತು ಮನೆ ಇದ್ರೂ ಮೂರೇ ಇದ್ರೂ ತಂತಿ ಉದ್ದ ಅಷ್ಟೇ. ಶ್ರೀರಂಗಪಟ್ಟಣದಲ್ಲಿ ಗೋಡೆಗೆ ಗೋಡೆ ಅಂಟಿದ ಮನೆ, ಹೇಗೋ ತಳ್ಕೊಂಡು ಹೋಗಬಹುದು. ನಾಗಮಂಗಲ ಕಡೆಯ ತೋಟದ ಮನೆಗಳಿಗೆ ಒಂದೊಂದಕ್ಕೂ ಅರ್ಧ ಕಿಲೋಮೀಟರ್ ತಂತಿ ಎಳೆದಿದ್ರೆ? ಅಲ್ಲಿ ಪುಟ್ಟ ಡಿಶ್, ಅದರಲ್ಲೂ ತಿಂಗಳ ಬಾಡಿಗೆಯೇ ಇಲ್ಲದ ಡಿಡಿ ಫ್ರೀ ಡಿಶ್ ಗೆಲ್ಲುತ್ತೆ.

6/8
ಇಷ್ಟೊತ್ತಿಗೆ ಫೋನ್ ಬಂದಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗ ಆಯ್ತು. 2020ರ ಜುಲೈನಲ್ಲಿ, ಕೊರೊನಾದಿಂದ ಥಿಯೇಟರ್ ಮುಚ್ಚಿದ್ದಾಗ, ಕನ್ನಡದ ‘ಲಾ’ ಸಿನಿಮಾ ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಿಡುಗಡೆಯಾಯ್ತು. 2023ರಲ್ಲಿ ಐಪಿಎಲ್ ಜಿಯೊಸಿನಿಮಾದಲ್ಲಿ ಫ್ರೀ. ಆರ್‌ಸಿಬಿ ಮ್ಯಾಚಿಗೋಸ್ಕರ ಕೇಬಲ್ ಇಟ್ಕೊಂಡಿದ್ದ ಹುಡುಗರಿಗೆ ಇನ್ನೇನು ಬೇಕು?

ಏಟು ಬಿದ್ದದ್ದು ಬೀದಿ ಕೇಬಲ್‌ಗೆ ಮಾತ್ರ ಅಲ್ಲ. ದೇಶದಲ್ಲಿ ದುಡ್ಡು ಕಟ್ಟೋ ಡಿಟಿಎಚ್ ಗ್ರಾಹಕರು 2020ರಲ್ಲಿ ಸುಮಾರು 7 ಕೋಟಿ ಇದ್ದವರು 2024ರ ಮಾರ್ಚ್‌ಗೆ ಸುಮಾರು 6.2 ಕೋಟಿಗೆ ಇಳಿದರು. ಅಮೆರಿಕದಲ್ಲಿ ಇದು ಮೊದಲೇ ಶುರುವಾಗಿತ್ತು. ಅಲ್ಲಿನ ದೈತ್ಯ ಕಾಮ್‌ಕಾಸ್ಟ್‌ಗೆ 2015ರಲ್ಲೇ ಟಿವಿ ಗ್ರಾಹಕರಿಗಿಂತ ಇಂಟರ್ನೆಟ್ ಗ್ರಾಹಕರು ಜಾಸ್ತಿ ಆಗಿದ್ದರು. ಟಿವಿ ಬೇಡ ಅಂದವರಿಗೂ ಅದೇ ಕಂಪನಿಯ ತಂತಿ ಬೇಕಿತ್ತು!

7/8
ಈಗ ನೆನಪಿಟ್ಕೊಳ್ಳಿ ಅಂದಿದ್ದಕ್ಕೆ ಬನ್ನಿ. 2018ರ ಅಕ್ಟೋಬರ್‌ನಲ್ಲಿ ರಿಲಯನ್ಸ್, ಹ್ಯಾಥ್‌ವೇ ಮತ್ತು ಡೆನ್ ಅನ್ನೋ ಎರಡು ಕೇಬಲ್ ಕಂಪನಿಗಳನ್ನ ಕೊಳ್ಳೋದಾಗಿ ಪ್ರಕಟಿಸ್ತು. ಅಷ್ಟು ದೊಡ್ಡ ಕಂಪನಿಗೆ ಹಳೇ ಕೇಬಲ್ ಯಾಕೆ? ಅವುಗಳ ಜೊತೆ 27,000 ಲೋಕಲ್ ಆಪರೇಟರ್‌ಗಳಿದ್ದರು. ಬೇಕಿದ್ದದ್ದು ಚಾನೆಲ್ ಅಲ್ಲ, ಮನೆ ಬಾಗಿಲು.

ಉಳಿದುಕೊಂಡ ನಮ್ಮ ಆಪರೇಟರ್‌ಗಳಿಗೂ ಇದೇ ಹೊಳೆದದ್ದು. ಕಪ್ಪು ಕೇಬಲ್ ಬಿಚ್ಚಿ ಫೈಬರ್ ಎಳೆದ್ರು. ಫೈಬರ್‌ಗೆ ದಾರಿ ಮಧ್ಯೆ ಕಂಬದ ಮೇಲೆ ಕರೆಂಟ್ ಬೇಕಾಗಿಲ್ಲ. ಒಂದೇ ಎಳೆಯಲ್ಲಿ ಟಿವಿಯೂ ಹೋಗುತ್ತೆ, ಇಂಟರ್ನೆಟ್ಟೂ ಹೋಗುತ್ತೆ. ಕೆಲವರು ಬಿಎಸ್‌ಎನ್‌ಎಲ್ ಫೈಬರ್‌ನ ಪಾಲುದಾರರಾದ್ರು, ಕೆಲವರು ಖಾಸಗಿ ಕಂಪನಿ ಸೇರಿದ್ರು. ಬೆಂಗಳೂರಿನ ಆ್ಯಕ್ಟ್ ಕೂಡ 2000ದಲ್ಲಿ ಕೇಬಲ್ ಟಿವಿ ಕಂಪನಿಯಾಗಿ ಹುಟ್ಟಿದ್ದೇ. ಪಕ್ಕದ ಕೇರಳದವರು ಇನ್ನೂ ಒಂದು ಹೆಜ್ಜೆ ಮುಂದೆ: ಸಣ್ಣ ಆಪರೇಟರ್‌ಗಳೇ ಒಟ್ಟಾಗಿ ಕೇರಳ ವಿಷನ್ ಕಟ್ಟಿದ್ರು. ಅದು ಇವತ್ತು ಆ ರಾಜ್ಯದ ದೊಡ್ಡ ಬ್ರಾಡ್‌ಬ್ಯಾಂಡ್ ಸಂಸ್ಥೆಗಳಲ್ಲೊಂದು. ಹಾಲಿನ ಡೇರಿ, ಸಹಕಾರಿ ಸಕ್ಕರೆ ಕಾರ್ಖಾನೆ ಕಂಡ ಪಾಂಡವಪುರದವರಿಗೆ ಇದನ್ನ ಬಿಡಿಸಿ ಹೇಳಬೇಕಾ? ಒಬ್ಬೊಬ್ಬನೇ ನಿಂತ್ರೆ ₹58.50, ಒಟ್ಟಾಗಿ ನಿಂತ್ರೆ ಕಂಪನಿ.

ಅಂದ್ರೆ ‘ನಾನು ಚಾನೆಲ್ ಮಾರ್ತೀನಿ’ ಅಂದ್ಕೊಂಡೇ ಇದ್ದವರು ಸೋತರು. ‘ನನ್ನ ಹತ್ರ ಇರೋದು ದಾರಿ’ ಅಂತ ತಿಳ್ಕೊಂಡವರು ಉಳಿದರು.

8/8
ಹಾಗಂತ ಕತೆ ಸುಖಾಂತ್ಯ ಅಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಜಿಯೊ ಏರ್‌ಫೈಬರ್ ಬಂತು. ಅದು 5ಜಿಯಲ್ಲಿ ಮನೆಗೆ ಇಂಟರ್ನೆಟ್ ತರುತ್ತೆ, ಬೀದಿಯಲ್ಲಿ ತಂತಿಯೇ ಬೇಡ. ಆಗ ಅಣ್ಣನ ಕೈಯಲ್ಲಿ ಉಳಿಯೋದು ನಿಮ್ಮ ಪರಿಚಯ ಒಂದೇ. ಮಳೆಯಲ್ಲಿ ನೆಟ್ ಹೋದ್ರೆ ಕಸ್ಟಮರ್ ಕೇರ್‌ನ ರೆಕಾರ್ಡ್ ಮಾಡಿದ ದನಿ ಏಣಿ ಹೊತ್ಕೊಂಡು ಬರಲ್ಲ.

ನೀವು ಯಾವ ಕನೆಕ್ಷನ್ ತಗೋಬೇಕು ಅಂತ ನಾನು ಹೇಳಲ್ಲ, ನಿಮ್ಮ ದುಡ್ಡು ನಿಮ್ಮ ಇಷ್ಟ. ಒಂದು ಕೆಲಸ ಮಾತ್ರ ಮಾಡಿ. ನಿಮ್ಮೂರಲ್ಲಿ ಹಿಂದೆ ಕೇಬಲ್ ನಡೆಸ್ತಿದ್ದವರ ಮನೆಗೆ ಹೋಗಿ, ಲೋಕಲ್ ಚಾನೆಲ್‌ನ ಹಳೇ ಕ್ಯಾಸೆಟ್ಟು, ಸಿಡಿ ಇದ್ಯಾ ಅಂತ ಕೇಳಿ. ಮೇಲುಕೋಟೆ ವೈರಮುಡಿಗೆ ಹೋದ ನಿಮ್ಮೂರ ಜನ, ಈಗ ಇಲ್ಲದ ನಿಮ್ಮ ಮೇಷ್ಟ್ರು, ಚಿಕ್ಕ ಹುಡುಗಿಯಾಗಿ ಡ್ಯಾನ್ಸ್ ಮಾಡಿದ ನಿಮ್ಮಮ್ಮ ಅದರಲ್ಲಿ ಇರಬಹುದು. ಇದು ಯಾವ ಆ್ಯಪ್‌ನಲ್ಲೂ ಸಿಗಲ್ಲ. ಗುಜರಿಯವನ ಗಾಡಿ ಬರೋ ಮೊದಲು ಹೋಗಿ.

ಸಿಕ್ಕಿದ್ರೆ ಕಾಮೆಂಟ್‌ನಲ್ಲಿ ಊರ ಹೆಸರು ಹಾಕಿ. ಕಾಪಿ ಮಾಡಿಡೋಣ.

#ನಮ್ಮೂರಇತಿಹಾಸ #ಕೇಬಲ್‌ಅಣ್ಣ #ಶ್ರೀರಂಗಪಟ್ಟಣ #ಪಾಂಡವಪುರ #ಕೆಆರ್‌ಪೇಟೆ #ನಾಗಮಂಗಲ