ಸುಧೆ, ಸುಣ್ಣ, ಟೆಕ್ಸ್ಚರ್: ಗೋಡೆಯ ಮೈಯ ಚರಿತ್ರೆ

ಸಂಸ್ಕೃತದ 'ಸುಧಾ' ಶಬ್ದಕ್ಕೆ ಅಮೃತವೆಂಬ ಅರ್ಥ ಎಲ್ಲರಿಗೂ ಗೊತ್ತು. ಗೋಡೆಗೆ ಬಳಿಯುವ ಸುಣ್ಣದ ಗಾರೆಯೂ ಸುಧೆಯೇ ಎಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಸುಧೆಯನ್ನು ಬಳಿದ ಮನೆಯೇ 'ಸೌಧ'. ಈ ಲೆಕ್ಕದಲ್ಲಿ 1956ರಲ್ಲಿ ಪೂರ್ಣಗೊಂಡ ಬೆಂಗಳೂರಿನ ವಿಧಾನಸೌಧ ತನ್ನ ಹೊರಮೈಯ ಕಲ್ಲಿನಿಂದಾಗಿ ಹೆಸರಿಗೆ ಮಾತ್ರ ಸೌಧ! ಪ್ರಾಕೃತದಲ್ಲಿ ಇನ್ನೂ ಸ್ವಾರಸ್ಯವಿದೆ. ಹೇಮಚಂದ್ರನ ವ್ಯಾಕರಣದ ಪ್ರಕಾರ 'ಸುಧಾ' ಅಲ್ಲಿ 'ಛುಹಾ' ಆಗುತ್ತದೆ. ಹಸಿವೆಂಬ ಅರ್ಥದ 'ಕ್ಷುಧಾ' ಕೂಡ 'ಛುಹಾ' ಆಗುತ್ತದೆ. ಅಮೃತ, ಗಾರೆ, ಹಸಿವು ಮೂರೂ ಒಂದೇ ಉಚ್ಚಾರದಲ್ಲಿ ಬಂದು ನಿಲ್ಲುತ್ತವೆ. ನಮ್ಮ 'ಸುಣ್ಣ'ವೂ ಪ್ರಾಕೃತದ ದಾರಿಯಿಂದ ಬಂದದ್ದೇ: ಚೂರ್ಣ, ಚುಣ್ಣ, ಸುಣ್ಣ.

ಈ ಶಬ್ದಗಳು ಮತ್ತೆ ನೆನಪಾದದ್ದು ಸುಂಟಿಕೊಪ್ಪದಲ್ಲಿ. ಕುಶಾಲನಗರದಿಂದ ಮಡಿಕೇರಿಗೆ ಏರುವ ಹೆದ್ದಾರಿಯ ಈ ಊರಿನ ಹತ್ತಿರ ಸ್ನೇಹಿತರೊಬ್ಬರ ಕಾಫಿ ತೋಟವಿದೆ. ಹಿರಿಯರು ಕಟ್ಟಿದ ಮಣ್ಣಿನ ಗೋಡೆಯ ಮನೆ, ಅದರ ಮೇಲೆ ಸುಣ್ಣದ ಗಾರೆ, ಎದುರಿಗೆ ಈಚೆಗೆ ಸೇರಿಸಿದ ಕಾಂಕ್ರೀಟಿನ ಜಗಲಿ. ಗೋಡೆಗಳಿಗೆಲ್ಲ ಅಕ್ರಿಲಿಕ್ ಗಾರೆ ಬಳಿಸುವ ಯೋಚನೆಯಲ್ಲಿದ್ದ ಅವರು ಅಂಗಡಿಯಿಂದ ತಂದ ಮಾದರಿ ಹಲಗೆಗಳನ್ನು ಮೇಜಿನ ಮೇಲೆ ಹರಡಿದರು. ಒಂದರಲ್ಲಿ ಬಾಚಣಿಗೆ ಎಳೆದಂತೆ ಸಾಲುಗೆರೆಗಳು. ಒಂದರಲ್ಲಿ ಸ್ಪಂಜು ಒತ್ತಿದ ಗುರುತು. ಇನ್ನೊಂದರಲ್ಲಿ ರೋಲರ್ ಎಬ್ಬಿಸಿದ ಸಣ್ಣ ಮೊನೆಗಳು. 'ವೆನೀಷಿಯನ್' ಎಂಬ ಹೆಸರಿನ ಹಲಗೆಯೊಂದು ಮಾತ್ರ ಅಮೃತಶಿಲೆಯಂತೆ ನುಣುಪಾಗಿತ್ತು. ಅವರಿಗೆ ಒಪ್ಪಿಗೆಯಾಗಿದ್ದು ಅಡ್ಡಾದಿಡ್ಡಿ ಕೊರೆದ ಓಣಿಗಳಿದ್ದ ಹಲಗೆ. ವ್ಯಾಪಾರದಲ್ಲಿ ಅದರ ಹೆಸರು 'ತೊಗಟೆಹುಳು'. ಗಾರೆಯಲ್ಲಿ 2–3 ಮಿ.ಮೀ. ಗಾತ್ರದ ಹರಳುಗಳನ್ನು ಬೆರೆಸಿ ಮಟ್ಟಹಲಗೆಯಿಂದ ಉಜ್ಜಿದರೆ, ಹರಳು ಉರುಳಿದ ದಾರಿಯೆಲ್ಲ ಹುಳು ತಿಂದ ಮರದಂತೆ ಕೊರೆದು ನಿಲ್ಲುತ್ತದೆ. ಬಿಳಿ ಕಾಂಡಕೊರಕಕ್ಕೆ ಹೆದರಿ ಅರೇಬಿಕಾ ಗಿಡಗಳ ಬುಡಕ್ಕೆ ಸುಣ್ಣದ ನೀರು ಬಳಿಸುವ ಬೆಳೆಗಾರರು ಹುಳು ಕೊರೆದ ಚಿತ್ತಾರವನ್ನೇ ದುಡ್ಡು ಕೊಟ್ಟು ಮನೆಗೆ ತರುವುದು ನನಗೆ ನಗು ತರಿಸಿತು, ಅವರೂ ನಕ್ಕರು.

ನಗು ಮುಗಿದ ಮೇಲೆ ಉಳಿದದ್ದು ಒಂದು ಪ್ರಶ್ನೆ: ಒರಟಾದ ಗೋಡೆ ಅಲಂಕಾರವಾದದ್ದು ಯಾವಾಗ?

ನಮ್ಮ ಹಳೆಯ ಗ್ರಂಥಗಳು ಬಯಸಿದ್ದು ಇದಕ್ಕೆ ತೀರಾ ವಿರುದ್ಧವಾದುದನ್ನು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (ಆಳ್ವಿಕೆ 1126–1138) 'ಮಾನಸೋಲ್ಲಾಸ' ಚಿತ್ರ ಬರೆಯುವ ಗೋಡೆಯನ್ನು ಸಿದ್ಧಗೊಳಿಸುವ ಕ್ರಮವನ್ನು ವಿವರಿಸುತ್ತದೆ. ಗೋಡೆಗೆ ಸುಧೆಯನ್ನು ಹಚ್ಚಿ ನಯಗೊಳಿಸಬೇಕು. ಎಮ್ಮೆಯ ತೊಗಲನ್ನು ಬೆಣ್ಣೆಯಷ್ಟು ಮೆದುವಾಗುವವರೆಗೆ ಕುದಿಸಿ 'ವಜ್ರಲೇಪ'ವೆಂಬ ಅಂಟನ್ನು ಮಾಡಿಕೊಳ್ಳಬೇಕು. ಅದನ್ನು ಬಿಳಿಮಣ್ಣಿಗೆ ಬೆರೆಸಿ, ಒಣಗಿದ ಲೇಪದ ಮೇಲೆ ಮತ್ತೆ ಲೇಪವಿಟ್ಟು, ಶಂಖದ ಪುಡಿಯಿಂದ ಇನ್ನಷ್ಟು ನುಣುಪಾಗಿಸಬೇಕು. ಇಷ್ಟೆಲ್ಲ ಶ್ರಮ ಮೇಲೆ ಬರುವ ಗೆರೆ ತಡೆಯಿಲ್ಲದೆ ಓಡಲೆಂದು. ಶ್ರವಣಬೆಳಗೊಳದ ಮಠದ ಗೋಡೆಯ ಚಿತ್ರಗಳನ್ನು ನೋಡುವಾಗ ನಾವು ಬಣ್ಣವನ್ನೂ ಕಥೆಯನ್ನೂ ಗಮನಿಸುತ್ತೇವೆ; ಅವುಗಳನ್ನು ಹೊತ್ತ ಮೈಯನ್ನು ಗಮನಿಸುವವರು ಕಡಿಮೆ. ಕಲ್ಲಿಗೂ ಗಾರೆಯ ಹೊದಿಕೆ ಹೊಸತಲ್ಲ. ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಎಲ್ಲೋರದ ಕೈಲಾಸ ದೇವಾಲಯದ ಮೇಲೆ ಒಂದು ಕಾಲದಲ್ಲಿ ಬಿಳಿಯ ಗಾರೆಯಿತ್ತು. 'ರಂಗಮಹಲ್' ಎಂಬ ಹೆಸರು ಅದಕ್ಕೆ ಬಂದದ್ದು ಆ ಲೇಪದ ದೆಸೆಯಿಂದ.

ಹಾಗಾದರೆ ಹಿಂದಿನ ಗಾರೆಯಲ್ಲಿ ಒರಟುತನವೇ ಇರಲಿಲ್ಲವೇ? ಇತ್ತು, ಆದರೆ ಒಳಗೆ. ಮೊದಲ ಲೇಪ ಹಸಿಯಿರುವಾಗಲೇ ಕರಣೆಯ ಮೊನೆಯಿಂದ ಅದನ್ನು ಗೀರಿ ಬಿಡುತ್ತಿದ್ದರು. ಮುಂದಿನ ಲೇಪ ಹಿಡಿದು ನಿಲ್ಲಲು ಆ ಗೀರು ಬೇಕು. ಕೊನೆಯ ಲೇಪ ಅದನ್ನು ಪೂರ್ತಿ ಮುಚ್ಚುತ್ತಿತ್ತು. ಇಂದಿನ ಟೆಕ್ಸ್ಚರ್ ಮುಚ್ಚಬೇಕಾಗಿದ್ದ ಆ ಪದರವನ್ನೇ ಹೊರಗೆ ತಂದು ತೋರಿಸುತ್ತಿದೆ ಎಂದು ನನ್ನ ಎಣಿಕೆ.

ಗಾರೆಯಲ್ಲಿ ಉಬ್ಬುತಗ್ಗಿನ ಅಲಂಕಾರವೂ ಇಲ್ಲದಿರಲಿಲ್ಲ. 1422ರಲ್ಲಿ ತೀರಿಕೊಂಡ ಫಿರೂಜ್ ಷಾ ಬಹಮನಿಯ ಕಲಬುರಗಿಯ ಗೋರಿಯೊಳಗೆ ಗಾರೆಯನ್ನು ಕಸೂತಿಯಂತೆ ಕೊರೆದಿದ್ದಾರೆ. ಹಂಪಿಯ ಗೋಪುರಗಳಲ್ಲಿ ಬುಡ ಕಲ್ಲಿನದು, ಮೇಲಿನ ಅಂತಸ್ತುಗಳು ಇಟ್ಟಿಗೆಯವು, ಅಲ್ಲಿನ ಮೂರ್ತಿಗಳು ಗಾರೆಯವು. ಕೊಡಗಿನಲ್ಲಿಯೇ ಬೇಕೆಂದರೆ ಮಡಿಕೇರಿಯ ಕೋಟೆಯೊಳಗೆ ನಿಜವಾದ ಆನೆಯಷ್ಟೇ ಎತ್ತರದ ಎರಡು ಗಾರೆ ಆನೆಗಳಿವೆ. ಆದರೆ ಇವೆಲ್ಲ ಒಬ್ಬ ಕೈಗಾರನ ಮನಸ್ಸಿನಲ್ಲಿ ಮೊದಲೇ ಮೂಡಿದ ರೂಪಗಳು. ತೊಗಟೆಹುಳುವಿನ ಗೆರೆಯಲ್ಲಿ ಹರಳು ಎತ್ತ ಉರುಳಿತೋ ಅದೇ ಚಿತ್ತಾರ. ಯಂತ್ರದಷ್ಟು ನೇರವಾದ ಕಾಂಕ್ರೀಟಿನ ಗೋಡೆಯಲ್ಲಿ ಬದುಕುವ ನಾವು ಕೈಯ ಗುರುತಿಗಾಗಿ ಹಂಬಲಿಸುತ್ತಿರಬಹುದು. ಮೇಸ್ತ್ರಿಯ ಅಂಕುಡೊಂಕೂ ಸಿಮೆಂಟಿನ ಕೂದಲೆಳೆ ಬಿರುಕೂ ಇದರಲ್ಲಿ ಮುಚ್ಚಿಹೋಗುತ್ತವೆ ಎಂಬ ಲಾಭವಂತೂ ಇದೆ. ರುಚಿಯ ಬಗ್ಗೆ ನನಗೆ ಜಗಳವಿಲ್ಲ.

ಜಗಳವಿರುವುದು ಅಂಟಿನ ಬಗ್ಗೆ. ಸುಟ್ಟ ಸುಣ್ಣಕಲ್ಲು ನೀರಿನಲ್ಲಿ ಅರಳಿ, ಗೋಡೆಯ ಮೇಲೆ ಗಾಳಿಯ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಆದರೂ ಅದರ ಮೈಯಲ್ಲಿ ಆವಿ ಹಾಯುವ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಅಕ್ರಿಲಿಕ್ಕಿನ ದಾರಿ ಬೇರೆ. ಅಮೆರಿಕದ ರೋಮ್ ಅಂಡ್ ಹಾಸ್ ಸಂಸ್ಥೆ 1953ರಲ್ಲಿ ಮನೆಯ ಬಣ್ಣಕ್ಕೆಂದು ಹೊರತಂದ ಅಕ್ರಿಲಿಕ್ ಹಾಲಿನ ಸಂತತಿಯಿದು. ಇದರಲ್ಲಿ ನೀರು ಆರಿದಂತೆ ರಾಳದ ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ಸಿಮೆಂಟಿನ ಗೋಡೆಗೆ ಆ ಪೊರೆ ಮಳೆಯಂಗಿ. ನೆಲದ ತೇವವನ್ನು ಹೀರಿ ಹೊರಬಿಡುತ್ತ ಬದುಕುವ ಮಣ್ಣುಗೋಡೆಗೆ ಅದೇ ಉಸಿರುಗಟ್ಟು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುತ್ತದೆ. ಸುಂಟಿಕೊಪ್ಪದಲ್ಲಿ ಅಷ್ಟಿಲ್ಲದಿದ್ದರೂ ಆಷಾಢದಲ್ಲಿ ಗೋಡೆ ಬೆವರುವುದು ತಪ್ಪದು. ಸ್ನೇಹಿತರ ಹಿಂದಿನ ಕೋಣೆಯೊಂದಕ್ಕೆ ಯಾರೋ ಗುತ್ತಿಗೆದಾರರು ಮೊದಲೇ ಇಂಥ ಲೇಪ ಬಳಿದಿದ್ದರು. ಎರಡು ಮಳೆಗಾಲ ಕಳೆಯುವುದರೊಳಗೆ ಅದು ಬೊಬ್ಬೆಯೆದ್ದು ಹಾಳೆಯಂತೆ ಕಳಚಿತ್ತು. ಕಳಚಿದ್ದು ಒಂಟಿಯಾಗಿಯೂ ಅಲ್ಲ: ಹಿಂಬದಿಗೆ ಅಂಟಿಕೊಂಡು ಹಳೆಯ ಸುಣ್ಣದ ಗಾರೆಯೂ ಬೆರಳು ದಪ್ಪಕ್ಕೆ ಕಿತ್ತು ಬಂದಿತ್ತು.

ಆ ತುಂಡನ್ನು ಕೈಯಲ್ಲಿ ಹಿಡಿದಾಗ ನನಗೆ ನೆನಪಾದದ್ದು ಇದೇ ಜಿಲ್ಲೆಯ ಮುಳ್ಳೂರಿನ ಬಸದಿಗಳು. ಕೊಂಗಾಳ್ವರ ಕಾಲದ, 11ನೆಯ ಶತಮಾನದ ಆ ನೆಲೆಯ ಶಾಸನಗಳಲ್ಲಿ ಗುಣಸೇನ ಪಂಡಿತರ ಹೆಸರು ಬರುತ್ತದೆ. ಶಾಸನ ಓದುವವರಿಗೆ ಸುಣ್ಣದ ಲೇಪವೂ ಶತ್ರುವೇ. ಅಕ್ಷರದ ಗುಂಡಿಗಳಲ್ಲಿ ಕೂತ ಸುಣ್ಣವನ್ನು ತೆಗೆಯುವ ಪಾಡು ಕ್ಷೇತ್ರಕಾರ್ಯ ಮಾಡಿದವರಿಗೆ ಗೊತ್ತು. ಆದರೆ ಸುಣ್ಣ ತಾಳ್ಮೆಗೆ ಮಣಿಯುತ್ತದೆ. ಎಷ್ಟೋ ಕಡೆ ಹಳೆಯ ಚಿತ್ರಗಳು ಪದರ ಪದರವಾಗಿ ಬಳಿದ ಸುಣ್ಣದ ಕೆಳಗಿನಿಂದಲೇ ಎದ್ದು ಬಂದಿವೆ. ಅಕ್ರಿಲಿಕ್ ಪೊರೆ ಹೋಗುವಾಗ ಓದಬೇಕಾದ ಮೈಯನ್ನೇ ಕೊಂಡೊಯ್ಯುತ್ತದೆ. ಜೀರ್ಣೋದ್ಧಾರವೆಂದರೆ ಹೊಸ ಬಣ್ಣವೆಂದು ತಿಳಿಯುವ ಭಕ್ತರೂ ಸಮಿತಿಗಳೂ ಹಲವೆಡೆ ಇರುವುದರಿಂದ, ಹಳೆಯ ಗುಡಿ, ಬಸದಿ, ಮನೆಗಳನ್ನು ದಾಖಲಿಸುವ ವಿದ್ಯಾರ್ಥಿಗಳು ಗೋಡೆಯ ಲೇಪ ಯಾವುದೆಂಬುದನ್ನೂ ಟಿಪ್ಪಣಿಯಲ್ಲಿ ಸೇರಿಸುವುದು ಒಳಿತು. ಶಾಸನದ ಪಾಠ ಬರೆದುಕೊಳ್ಳುವಷ್ಟೇ ಅಗತ್ಯದ ಕೆಲಸವದು.

ಸ್ನೇಹಿತರು ಕೊನೆಗೆ ತೊಗಟೆಹುಳುವನ್ನು ಕಾಂಕ್ರೀಟಿನ ಜಗಲಿಗೆ ಮಾತ್ರ ಬಳಿಸಿದರು. ಒಳಮನೆಗೆ ಸುಣ್ಣವೇ ಆಯಿತು. ಗಾರೆ ಅರೆಯಬಲ್ಲ ಮುದುಕರೊಬ್ಬರನ್ನು ಹುಡುಕಲು ಎರಡು ತಿಂಗಳು ಹಿಡಿಯಿತಂತೆ.